ಪುರಭವನದ ನೆಲಮಾಳಿಗೆ, ಅರಸು ರಸ್ತೆಯ ಅಂಚು

ಮೈಸೂರಿನ ಪೇಟೆಯೊಳಗೆ ವಾಹನ ನಿಲ್ಲಿಸಲು ಜಾಗವಿಲ್ಲ ಎಂಬ ದೂರು ಹೊಸದೇನಲ್ಲ. ಕೆ.ಆರ್. ವೃತ್ತದಿಂದ ಹೊರಟು ದೇವರಾಜ ಮಾರುಕಟ್ಟೆಯ ಸುತ್ತಲಿನ ಸಯ್ಯಾಜಿರಾವ್ ರಸ್ತೆ, ಧನ್ವಂತರಿ ರಸ್ತೆ, ದೇವರಾಜ ಅರಸು ರಸ್ತೆಗಳನ್ನು ಒಂದು ಸುತ್ತು ಹಾಕಿ ಮತ್ತೆ ವೃತ್ತಕ್ಕೆ ಬರಲು ನಡೆದು ಹೋಗುವವರಿಗೆ ಅರ್ಧ ಗಂಟೆ ಸಾಕು. ಮದುವೆಯ ದಿನಗಳಲ್ಲಿ ಅದೇ ಸುತ್ತನ್ನು ಕಾರಿನಲ್ಲಿ, ಎಲ್ಲಾದರೂ ಒಂದು ಸಂದು ಸಿಕ್ಕೀತೇ ಎಂದು ಇಣುಕುತ್ತ ಹಾಕುವವರಿಗೆ ಅಷ್ಟು ಹೊತ್ತಿನಲ್ಲಿ ಮುಗಿಯುತ್ತದೆಂಬ ಭರವಸೆಯಿಲ್ಲ. ಜವಳಿ, ಚಿನ್ನ, ಪಾತ್ರೆ, ಹೂವು, ವೀಳ್ಯದೆಲೆ ಎಂದು ಸುತ್ತಲಿನ ಹತ್ತಾರು ಊರುಗಳ ವ್ಯಾಪಾರವೆಲ್ಲ ಈ ಕೆಲವೇ ಬೀದಿಗಳಲ್ಲಿ ಬಂದು ಸೇರುವುದರಿಂದ ಈ ಇಕ್ಕಟ್ಟು ಸಹಜವೇ ಆಗಿದೆ. ಪ್ರಶ್ನೆ ಚರ್ಚೆಗೆ ಬಂದಾಗಲೆಲ್ಲ ನಗರದ ಆಡಳಿತದಿಂದಲೂ ವರ್ತಕರಿಂದಲೂ ಕೇಳಿಬರುವ ಉತ್ತರ ಒಂದೇ: ಬಹುಮಹಡಿ ಪಾರ್ಕಿಂಗ್ ಕಟ್ಟಬೇಕು. ಆ ಉತ್ತರವನ್ನು ಒಮ್ಮೆ ಪ್ರಯೋಗಿಸಿ ನೋಡಿದ ಊರು ನಮ್ಮದು ಎಂಬುದನ್ನು ಮರೆತು ಇನ್ನೊಂದು ಕಟ್ಟಡದ ಮಾತಾಡುವುದು ಸರಿಯಲ್ಲವಾದ್ದರಿಂದ, ಅಂಥ ತೀರ್ಮಾನವೊಂದು ಹೇಗೆ ಆಗುತ್ತದೆ, ಅದರಲ್ಲಿ ಏನು ಬಿಟ್ಟುಹೋಗುತ್ತದೆ ಎಂಬುದನ್ನು ಇಲ್ಲಿ ಬಿಡಿಸಿ ನೋಡಲಾಗಿದೆ.

ದೊಡ್ಡ ಗಡಿಯಾರದ ಬಳಿಯಿರುವ ಪುರಭವನ, ಅಂದರೆ ಜನರ ಬಾಯಲ್ಲಿ ಟೌನ್‌ಹಾಲ್, ದಿವಾನ್ ರಂಗಾಚಾರ್ಲು ಅವರ ನೆನಪಿಗಾಗಿ 1884ರಲ್ಲಿ ಎದ್ದು ನಿಂತ ಕಟ್ಟಡ. ಅದರ ಆವರಣದ ನೆಲವನ್ನು ಅಗೆದು ಕೆಳಗೆ ವಾಹನ ನಿಲುಗಡೆಗೆ ಅಂತಸ್ತುಗಳನ್ನು ಕಟ್ಟುವ ಕಾಮಗಾರಿಯನ್ನು ನಗರಪಾಲಿಕೆ ಕೈಗೆತ್ತಿಕೊಂಡಿದ್ದು 2010ರ ದಶಕದ ಆರಂಭದಲ್ಲಿ. ಸ್ಥಳದ ಆಯ್ಕೆ ಮೇಲುನೋಟಕ್ಕೆ ಸರಿಯಾಗಿಯೇ ಇತ್ತು. ಜಾಗ ಪಾಲಿಕೆಯದೇ ಆದ್ದರಿಂದ ಭೂಸ್ವಾಧೀನದ ಗೋಜಿಲ್ಲ, ಗಾಂಧಿ ಚೌಕ, ಅಶೋಕ ರಸ್ತೆ, ನಗರ ಬಸ್ ನಿಲ್ದಾಣ, ಅರಮನೆ ಎಲ್ಲವೂ ನಡೆದು ಹೋಗುವಷ್ಟು ಹತ್ತಿರ. ಆದರೂ ಕೆಲಸ ಶುರುವಾಗಿ ಹತ್ತು ವರ್ಷ ದಾಟಿದ ಮೇಲೂ ಅದು ಜನರ ಬಳಕೆಗೆ ಬಂದಿರಲಿಲ್ಲ. ನಡುವೆ ಮೇಯರ್‌ಗಳು ಬದಲಾದರು, ಆಯುಕ್ತರು ವರ್ಗವಾದರು, ಹೊಸದಾಗಿ ಬಂದವರು ಸ್ಥಳ ಪರಿಶೀಲನೆ ಮಾಡಿ ಬೇಗ ಮುಗಿಸಲು ಸೂಚನೆ ಕೊಟ್ಟರು. ಒಂದು ತಲೆಮಾರಿನ ಮಕ್ಕಳು ಒಂದನೇ ತರಗತಿಗೆ ಸೇರಿ ಎಸ್ಸೆಸ್ಸೆಲ್ಸಿ ಬರೆಯುವಷ್ಟು ಕಾಲದಲ್ಲಿ ಊರಿನ ಸ್ಕೂಟರ್‌ಗಳೂ ಕಾರುಗಳೂ ನೆಲಮಾಳಿಗೆಗಾಗಿ ಕಾಯದೆ ರಸ್ತೆಯಲ್ಲೇ ತಮ್ಮ ವ್ಯವಸ್ಥೆ ಮಾಡಿಕೊಂಡವು.

ಈ ವಿಳಂಬವನ್ನು ಗುತ್ತಿಗೆದಾರರ ಅಥವಾ ಅಧಿಕಾರಿಗಳ ಆಲಸ್ಯ ಎಂದಷ್ಟೇ ಹೇಳಿ ಮುಗಿಸಿದರೆ ಮುಖ್ಯವಾದ ಸಂಗತಿ ತಪ್ಪಿಹೋಗುತ್ತದೆ. ನೆಲದ ಮೇಲೆ ಕಟ್ಟುವ ಕಟ್ಟಡಕ್ಕೂ ನೆಲದೊಳಗೆ ಕಟ್ಟುವ ಕಟ್ಟಡಕ್ಕೂ ಅಜಗಜಾಂತರವಿದೆ. ಮಳೆನೀರು ತಾನಾಗಿ ಹೊರಗೆ ಹರಿಯದೆ ಪಂಪಿನಿಂದ ಎತ್ತಬೇಕು. ಹೊಗೆ ಹೊರಹೋಗಲು ಯಂತ್ರ ಬೇಕು, ಬೆಂಕಿ ನಂದಿಸುವ ವ್ಯವಸ್ಥೆ ಬೇಕು, ಹಗಲಿನಲ್ಲೂ ದೀಪ ಉರಿಯಬೇಕು, ವಾಹನ ಇಳಿಯುವ ಇಳಿಜಾರು ರಸ್ತೆಯ ಬಾಯಿ ಈಗಾಗಲೇ ತುಂಬಿರುವ ಮುಖ್ಯರಸ್ತೆಗೆ ತೆರೆದುಕೊಳ್ಳಬೇಕು. ಇವುಗಳಲ್ಲಿ ಒಂದು ಉಳಿದರೂ ಗಾರೆ, ಕಂಬ, ಚಾವಣಿ ಎಲ್ಲ ಮುಗಿದ ಕಟ್ಟಡ ಬೀಗ ಹಾಕಿಕೊಂಡು ಕೂರುತ್ತದೆ. ಶಂಕುಸ್ಥಾಪನೆಯ ದಿನ ಅಡಿಗಲ್ಲಿನ ಮೇಲೆ ಹೆಸರು ಕೆತ್ತಿಸಲು ಸ್ಪರ್ಧೆ ಇರುವಷ್ಟು ಪಂಪಿನ ವಿದ್ಯುತ್ ಬಿಲ್ ಯಾರ ಲೆಕ್ಕದಿಂದ ಎಂದು ಬರೆಸಲು ಸ್ಪರ್ಧೆ ಇರುವುದಿಲ್ಲ.

ಇಂಥ ತೀರ್ಮಾನಗಳನ್ನು ಕಾನೂನಿನ ಪ್ರಕಾರ ಯಾರು ಮಾಡಬೇಕು ಎಂಬುದು ಮುಂದಿನ ಪ್ರಶ್ನೆ. 74ನೇ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ ಹನ್ನೆರಡನೇ ಅನುಸೂಚಿ ನಗರಾಡಳಿತ ಸಂಸ್ಥೆಗಳಿಗೆ ವಹಿಸಬಹುದಾದ 18 ಕೆಲಸಗಳನ್ನು ಪಟ್ಟಿ ಮಾಡಿದೆ. ಅದರ ಮೊದಲ ಬಾಬ್ತು ನಗರ ಯೋಜನೆ. ಹದಿನೇಳನೆಯದು ಬೀದಿದೀಪ, ವಾಹನ ನಿಲುಗಡೆ ತಾಣ, ಬಸ್ ತಂಗುದಾಣ, ಶೌಚಾಲಯ ಮುಂತಾದ ಸಾರ್ವಜನಿಕ ಸೌಕರ್ಯ. ವಾಹನ ನಿಲ್ಲಿಸುವ ಜಾಗದ ಪ್ರಸ್ತಾಪ ಸಂವಿಧಾನದಲ್ಲೇ ಇದೆ ಎಂದರೆ ಅನೇಕರಿಗೆ ಆಶ್ಚರ್ಯವಾದೀತು. 1976ರ ಕರ್ನಾಟಕ ಪೌರನಿಗಮಗಳ ಕಾಯ್ದೆಯ ಪ್ರಕಾರ ಪಾಲಿಕೆಯೊಳಗೆ ನಾಲ್ಕು ಸ್ಥಾಯಿ ಸಮಿತಿಗಳಿದ್ದು ಅವುಗಳಲ್ಲಿ ಒಂದು ನಗರ ಯೋಜನೆಯದು, ಇನ್ನೊಂದು ತೆರಿಗೆ ಮತ್ತು ಹಣಕಾಸಿನದು. ಪಾರ್ಕಿಂಗ್ ಕಟ್ಟಡದ ಪ್ರಸ್ತಾವ ಈ ಸಮಿತಿಗಳಲ್ಲಿ ಹಾದು, ಕೌನ್ಸಿಲ್ ಸಭೆಯ ಕಾರ್ಯಸೂಚಿಯಲ್ಲಿ ಒಂದು ವಿಷಯವಾಗಿ ಬಂದು, 65 ವಾರ್ಡ್‌ಗಳ ಸದಸ್ಯರ ಮುಂದೆ ಚರ್ಚೆಯಾಗಿ, ನಡಾವಳಿಯಲ್ಲಿ ದಾಖಲಾಗಬೇಕು ಎಂಬುದು ವ್ಯವಸ್ಥೆಯ ಆಶಯ.

ಮೈಸೂರಿನಲ್ಲಿ ಚುನಾಯಿತ ಸದಸ್ಯರ ಅವಧಿ 2023ರ ನವೆಂಬರ್‌ನಲ್ಲಿ ಮುಗಿಯಿತು. ಅವಧಿ ಮುಗಿಯುವುದರೊಳಗೆ ಚುನಾವಣೆ ನಡೆದಿರಬೇಕು ಎಂದು ಸಂವಿಧಾನದ 243ಯು ವಿಧಿ ಸ್ಪಷ್ಟವಾಗಿ ಹೇಳುತ್ತದೆ. ಇಲ್ಲಿ ಹಾಗಾಗದೆ ಅಧಿಕಾರ ಆಡಳಿತಾಧಿಕಾರಿಯ ಕೈಗೆ ಹೋಯಿತು. ಆಡಳಿತಾಧಿಕಾರಿಯ ಕಾಲದಲ್ಲಿ ಕಡತ ಬೇಗ ಸಾಗುತ್ತದೆ ಎನ್ನುವವರಿದ್ದಾರೆ, ಅದರಲ್ಲಿ ಸ್ವಲ್ಪ ನಿಜವೂ ಇದೆ. ಪುರಭವನದ ನೆಲಮಾಳಿಗೆ ಕುಂಟಿದ್ದು ಚುನಾಯಿತ ಕೌನ್ಸಿಲ್‌ಗಳು ಇದ್ದ ಕಾಲದಲ್ಲೇ ಆದ್ದರಿಂದ, ಸದಸ್ಯರಿದ್ದರೆ ಎಲ್ಲವೂ ಸರಿಹೋಗುತ್ತದೆ ಎಂದು ಹೇಳುವ ಧೈರ್ಯ ನನಗಿಲ್ಲ. ಆದರೆ ಪಾರ್ಕಿಂಗ್ ತೀರ್ಮಾನದ ಕಷ್ಟದ ಭಾಗ ಇಂಜಿನಿಯರಿಂಗ್‌ನಲ್ಲಿಲ್ಲ. ಯಾವ ಬೀದಿಯಲ್ಲಿ ನಿಲುಗಡೆಗೆ ಹಣ ತೆಗೆದುಕೊಳ್ಳಬೇಕು, ಯಾವ ಅಂಗಡಿ ಸಾಲಿನ ಮುಂದೆ ನಿಲುಗಡೆ ನಿಷೇಧಿಸಬೇಕು ಎಂಬ ಜಗಳವೇ ಅದರ ಕಷ್ಟದ ಭಾಗ. ಆ ಜಗಳವನ್ನು ಮುಖಾಮುಖಿ ಆಡಿ ಮುಗಿಸಲು ಬೇಕಾದ ಜಾಗ ಕೌನ್ಸಿಲ್ ಸಭೆ. ಒಬ್ಬ ಅಧಿಕಾರಿಯ ಸಹಿಯಲ್ಲಿ ಹೊರಬಿದ್ದ ಆದೇಶವನ್ನು ವರ್ತಕರು ಮರುದಿನವೇ ಮನವಿಪತ್ರ ಹಿಡಿದು ತಡೆಹಿಡಿಸಬಲ್ಲರು, ಹಾಗೆ ತಡೆದುದಕ್ಕೆ ಆ ಅಧಿಕಾರಿ ಯಾವ ಮತದಾರನಿಗೂ ಉತ್ತರ ಕೊಡಬೇಕಾಗುವುದಿಲ್ಲ. ಪುರಭವನಕ್ಕೆ ಯಾರ ಹೆಸರಿದೆಯೋ ಆ ರಂಗಾಚಾರ್ಲು ಅವರೇ 1881ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದ ದಿವಾನರು ಎಂಬುದು ಈ ಹೊತ್ತಿನಲ್ಲಿ ನೆನಪಾಗದೆ ಇರುವುದಿಲ್ಲ.

ಈಗ ಲೆಕ್ಕಕ್ಕೆ ಬರೋಣ. ನಿಂತ ಕಾರೊಂದಕ್ಕೆ ಬೇಕಾಗುವ ಚೌಕ ಸುಮಾರು ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದ. ಆದರೆ ಕಾರು ಆ ಚೌಕಕ್ಕೆ ಬರಲು, ತಿರುಗಲು, ಹೊರಡಲು ದಾರಿ ಬೇಕಾದ್ದರಿಂದ ನಗರ ಯೋಜಕರು ತೆರೆದ ಮೈದಾನದಲ್ಲಿ ಕಾರಿಗೆ 23 ಚದರ ಮೀಟರ್, ನೆಲಮಾಳಿಗೆಯಲ್ಲಿ 32 ಚದರ ಮೀಟರ್ ಎಂದು ಹಿಡಿಯುತ್ತಾರೆ. ದೆಹಲಿಯ ಮಹಾಯೋಜನೆ ಬಳಸಿದ್ದು ಇದೇ ಮಾನ. 32 ಚದರ ಮೀಟರ್ ಎಂದರೆ ಸುಮಾರು 345 ಚದರ ಅಡಿ. ನಮ್ಮಲ್ಲಿ ಬಡ ಕುಟುಂಬವೊಂದು ಇಪ್ಪತ್ತು ಮೂವತ್ತರ ನಿವೇಶನಕ್ಕಾಗಿ ವರ್ಷಗಟ್ಟಲೆ ಅರ್ಜಿ ಹಿಡಿದು ಕಾಯುತ್ತದೆ. ಆ ನಿವೇಶನದಲ್ಲಿ, ನೆಲಮಾಳಿಗೆಯ ಲೆಕ್ಕದ ಪ್ರಕಾರ, ಎರಡು ಕಾರು ಕೂಡ ಸರಿಯಾಗಿ ನಿಲ್ಲಲಾರವು. ದೇವರಾಜ ಮಾರುಕಟ್ಟೆಯಲ್ಲಿ ಹೂವಿನವರು ಕುಳಿತು ಸಂಸಾರ ಸಾಗಿಸುವ ಜಾಗವನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಪೇಟೆಯ ನಡುವಿನ ನೆಲಕ್ಕೆ ನಾವು ಯಾವ ಬೆಲೆ ಕಟ್ಟುತ್ತಿದ್ದೇವೆ ಎಂಬುದು ತಿಳಿಯುತ್ತದೆ.

ಹಣದ ಲೆಕ್ಕ ಇನ್ನೂ ಗಟ್ಟಿಯಾದ ಪಾಠ. ಉದಾಹರಣೆಗೆಂದು ಮಾತ್ರ, ಒಂದು ಕಾರಿನ ಜಾಗ ಕಟ್ಟಲು ಹತ್ತು ಲಕ್ಷ ರೂಪಾಯಿ ಆಗುತ್ತದೆ ಎಂದಿಟ್ಟುಕೊಳ್ಳಿ. ಶೇ 8ರ ಬಡ್ಡಿ ಹಿಡಿದರೆ ವರ್ಷಕ್ಕೆ 80,000, ದಿನಕ್ಕೆ ಸುಮಾರು 220 ರೂಪಾಯಿ. ಗಂಟೆಗೆ 20 ರೂಪಾಯಿ ಶುಲ್ಕ ಇಟ್ಟರೆ, ಆ ಜಾಗ ವರ್ಷದ 365 ದಿನವೂ ದಿನಕ್ಕೆ 11 ಗಂಟೆ ಖಾಲಿ ಬೀಳದೆ ತುಂಬಿರಬೇಕು. ಅಂಗಡಿ ಬಾಗಿಲು ತೆರೆದಲ್ಲಿಂದ ಮುಚ್ಚುವವರೆಗೆ ಎಂದಾಯಿತು. ಅಷ್ಟಾದರೂ ಬಂದದ್ದು ಬಡ್ಡಿ ಮಾತ್ರ. ಅಸಲು, ಕಾವಲು, ದೀಪ, ದುರಸ್ತಿ ಎಲ್ಲ ಬೇರೆ. ಹೀಗಾಗಿ ಇಂಥ ಕಟ್ಟಡಗಳು ತಮ್ಮ ಕಾಲಮೇಲೆ ನಿಲ್ಲಲಾರದೆ, ಮೇಲಿನ ಮಹಡಿಗಳಲ್ಲಿ ಅಂಗಡಿ ಮಳಿಗೆ ಕಟ್ಟಿ ಬಾಡಿಗೆಯಿಂದ ಸರಿದೂಗಿಸುವ ಯೋಚನೆ ಬರುತ್ತದೆ. ಖಾಸಗಿ ಸಹಭಾಗಿತ್ವದ ಪ್ರಸ್ತಾವಗಳ ತಿರುಳೂ ಬಹುಪಾಲು ಇದೇ. ಅಂಗಡಿಗಳು ಬಂದರೆ ಗಿರಾಕಿಗಳು ಬರುತ್ತಾರೆ, ಅವರ ವಾಹನಗಳೂ ಬರುತ್ತವೆ. ಇಕ್ಕಟ್ಟು ಕಳೆಯಲೆಂದು ಕಟ್ಟಿದ್ದು ತಾನೇ ಒಂದಷ್ಟು ಇಕ್ಕಟ್ಟನ್ನು ಹುಟ್ಟಿಸುತ್ತದೆ.

ಇದಕ್ಕೆ ಸೇರಿಸಬೇಕಾದ ಒಂದು ಮಾತಿದೆ. ಕರ್ನಾಟಕದಲ್ಲಿ ನೋಂದಣಿಯಾದ ವಾಹನಗಳಲ್ಲಿ ಹೆಚ್ಚುಕಡಿಮೆ ಹತ್ತಕ್ಕೆ ಏಳು ದ್ವಿಚಕ್ರ ವಾಹನಗಳು. ಮೈಸೂರಿನ ಪೇಟೆಯಲ್ಲಿ ಕಣ್ಣಿಗೆ ಬೀಳುವುದೂ ಅದೇ. ಕಾರಿನ ಒಂದು ಜಾಗದಲ್ಲಿ ಐದಾರು ಸ್ಕೂಟರ್ ನಿಲ್ಲುತ್ತವೆ, ಆದರೆ ಸ್ಕೂಟರ್ ಸವಾರರು ಹತ್ತು ನಿಮಿಷದ ಕೆಲಸಕ್ಕೆ ಎರಡು ಅಂತಸ್ತು ಕೆಳಗಿಳಿದು ಮೆಟ್ಟಿಲು ಹತ್ತಿ ಬರಲಾರರು. ಕಾರನ್ನು ಮನಸ್ಸಿನಲ್ಲಿಟ್ಟು ಕಟ್ಟಿದ ಕಟ್ಟಡ ಬೀದಿಯಲ್ಲಿ ಬಹುಸಂಖ್ಯೆಯಲ್ಲಿರುವ ವಾಹನವನ್ನು ಬೀದಿಯಲ್ಲೇ ಬಿಟ್ಟಿರುತ್ತದೆ.

ಹಾಗಾದರೆ ಕಟ್ಟಡದ ಹಣೆಬರಹವನ್ನು ಬರೆಯುವುದು ಯಾವುದು? ಅದರ ಹೊರಗಿನ ರಸ್ತೆಯ ಅಂಚು ಎಂಬುದು ನನ್ನ ವಾದ. ರಸ್ತೆಬದಿಯಲ್ಲಿ ಅಂಗಡಿಯ ಬಾಗಿಲಲ್ಲೇ ಪುಕ್ಕಟೆಯಾಗಿ ನಿಲ್ಲಿಸಲು ಸಾಧ್ಯವಿರುವಾಗ, ಇನ್ನೂರು ಮುನ್ನೂರು ಮೀಟರ್ ದೂರದ ನೆಲಮಾಳಿಗೆಗೆ ಇಳಿದು ಹಣ ಕೊಟ್ಟು ನಿಲ್ಲಿಸಿ ಬಿಸಿಲಲ್ಲಿ ನಡೆದು ಬರುವವರು ಯಾರು? ಬೆಂಗಳೂರಿನ ಫ್ರೀಡಂ ಪಾರ್ಕ್ ಬಳಿ ಐನೂರಕ್ಕೂ ಹೆಚ್ಚು ಕಾರುಗಳಿಗಾಗಿ ಕಟ್ಟಿದ ಬಹುಮಹಡಿ ನಿಲುಗಡೆ 2024ರಲ್ಲಿ ತೆರೆದಾಗ ಅಲ್ಲಿಗೆ ವಾಹನಗಳನ್ನು ತಿರುಗಿಸಲು ಸುತ್ತಲಿನ ರಸ್ತೆಗಳಲ್ಲಿ ನಿಲುಗಡೆಯನ್ನು ನಿರ್ಬಂಧಿಸಬೇಕಾಯಿತು. ಕಟ್ಟಡಕ್ಕೆ ವರ್ಷಗಳು ಹಿಡಿದರೂ ಅದನ್ನು ಸಾರ್ಥಕ ಮಾಡುವ ತೀರ್ಮಾನ ರಸ್ತೆಯ ಮೇಲೆ ಫಲಕ ನೆಡುವಷ್ಟು ಸರಳವಾದದ್ದು, ಆದರೆ ಅಷ್ಟೇ ಅಪ್ರಿಯವಾದದ್ದು. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ಕೂಡ ನಿಲುಗಡೆ ಶುಲ್ಕ ಆ ನೆಲದ ನಿಜವಾದ ಬೆಲೆಯನ್ನು ಪ್ರತಿಬಿಂಬಿಸಬೇಕು, ಅದರ ಮೂಲಕ ಜನರನ್ನು ಸಾರ್ವಜನಿಕ ಸಾರಿಗೆಯತ್ತ ಸೆಳೆಯಬೇಕು ಎಂದು ಹೇಳಿ ಹತ್ತಿರ ಹತ್ತಿರ ಎರಡು ದಶಕವಾಯಿತು. ಅಮೆರಿಕದ ವಿದ್ವಾಂಸ ಡೊನಾಲ್ಡ್ ಶೂಪ್ ಇದಕ್ಕೊಂದು ಅಳತೆಗೋಲನ್ನೇ ಕೊಟ್ಟಿದ್ದರು: ಪ್ರತಿ ಬೀದಿಯಲ್ಲಿ ಯಾವಾಗಲೂ ಒಂದೆರಡು ಜಾಗ ಖಾಲಿ ಉಳಿಯುವಷ್ಟು ಶುಲ್ಕವಿದ್ದರೆ ಸಾಕು, ಅದಕ್ಕಿಂತ ಹೆಚ್ಚೂ ಬೇಡ, ಕಡಿಮೆಯೂ ಬೇಡ.

ಅರಸು ರಸ್ತೆಯಲ್ಲಿ ಬೆಳಿಗ್ಗೆ ಒಂಬತ್ತೂವರೆಗೆ, ಅಂಗಡಿಗಳ ಷಟರ್ ಮೇಲೇಳುವ ಹೊತ್ತಿಗೆ ನಿಂತು ನೋಡಿದರೆ ಈ ಸಮಸ್ಯೆಯ ಒಂದು ಮುಖ ಕಾಣುತ್ತದೆ. ಗಿರಾಕಿಗಳು ಇನ್ನೂ ಬಂದಿರುವುದಿಲ್ಲ, ಆದರೆ ಅಂಗಡಿಗಳ ಮುಂದಿನ ಒಳ್ಳೆಯ ಜಾಗಗಳು ಭರ್ತಿಯಾಗತೊಡಗಿರುತ್ತವೆ. ಆ ವಾಹನಗಳಲ್ಲಿ ಹೆಚ್ಚಿನವು ಮಾಲೀಕರವು, ಕೆಲಸದವರವು. ರಾತ್ರಿ ಬಾಗಿಲು ಹಾಕುವವರೆಗೆ ಅವು ಕದಲುವುದಿಲ್ಲ. ಹೀಗೆ ಹನ್ನೊಂದು ಗಂಟೆ ನಿಲ್ಲುವ ಒಂದು ಕಾರು, ಅರ್ಧರ್ಧ ಗಂಟೆಯ ಕೆಲಸಕ್ಕೆ ಬರುವ ಇಪ್ಪತ್ತೆರಡು ಗಿರಾಕಿಗಳ ಜಾಗವನ್ನು ತಿಂದಿರುತ್ತದೆ. ಪಾರ್ಕಿಂಗ್‌ಗೆ ಹಣ ಹಾಕಿದರೆ ಗಿರಾಕಿಗಳು ಮಾಲ್‌ಗೆ ಹೋಗುತ್ತಾರೆ ಎಂದು ವರ್ತಕರು ಆತಂಕಪಡುವುದನ್ನು ನಾನು ಹಗುರವಾಗಿ ಕಾಣುವುದಿಲ್ಲ. ತಲೆಮಾರುಗಳಿಂದ ಅದೇ ಅಂಗಡಿಯನ್ನು ನಂಬಿ ಬದುಕಿದ ಮನೆಗಳು ಅಲ್ಲಿವೆ. ಮಾಲ್‌ಗಳಲ್ಲೂ ಪಾರ್ಕಿಂಗ್‌ಗೆ ಹಣ ಕೀಳುತ್ತಾರೆ ಎಂಬುದು ಬೇರೆ ಮಾತು. ಆದರೆ ಗಿರಾಕಿಗೆ ಜಾಗ ಸಿಗದಿರಲು ಗಿರಾಕಿಗಿಂತ ಮೊದಲು ಬಂದು ನಿಂತ ವಾಹನ ಯಾರದು ಎಂಬ ಪ್ರಶ್ನೆಯನ್ನು ವರ್ತಕರ ಸಂಘಗಳು ತಮ್ಮ ಸಭೆಯಲ್ಲೇ ಕೇಳಿಕೊಳ್ಳಬೇಕಾಗಿದೆ. ನೆಲಮಾಳಿಗೆಯ ನಿಲುಗಡೆ ನಿಜವಾಗಿ ಒದಗಬಲ್ಲದ್ದು ಈ ಇಡೀ ದಿನದ ವಾಹನಗಳಿಗೆ, ತಿಂಗಳ ಪಾಸಿನ ಮೇಲೆ. ಆ ದೃಷ್ಟಿಯಿಂದ ಯೋಜಿಸಿದರೆ ಅದರ ಶುಲ್ಕ, ಅದರ ಬಾಗಿಲು, ಅದರ ಸಮಯ ಎಲ್ಲವೂ ಬೇರೆಯಾಗುತ್ತವೆ.

ಹೊಸದನ್ನು ಕಟ್ಟುವ ಮೊದಲು ಇರುವುದನ್ನು ಎಣಿಸುವುದು ಒಳ್ಳೆಯದು. ವಾಣಿಜ್ಯ ಕಟ್ಟಡಕ್ಕೆ ನಕ್ಷೆ ಮಂಜೂರು ಮಾಡುವಾಗ ಇಷ್ಟು ವಿಸ್ತೀರ್ಣಕ್ಕೆ ಇಷ್ಟು ಕಾರಿನ ಜಾಗ ಎಂದು ವಲಯ ನಿಯಮಾವಳಿ ವಿಧಿಸುತ್ತದೆ. ಅದನ್ನು ತೋರಿಸದೆ ನಕ್ಷೆಗೆ ಮಂಜೂರಾತಿ ಸಿಗುವುದಿಲ್ಲ. ಕಾಗದದ ಮೇಲೆ ಪೇಟೆಯ ಅನೇಕ ಕಟ್ಟಡಗಳಿಗೆ ನೆಲಮಾಳಿಗೆ ಪಾರ್ಕಿಂಗ್ ಇದೆ. ವಾಸ್ತವದಲ್ಲಿ ಅಲ್ಲಿ ಗೋದಾಮಿದೆ, ದರ್ಜಿ ಅಂಗಡಿಯಿದೆ, ಕೆಲವೆಡೆ ಚಪ್ಪಲಿಯ ಇಡೀ ಮಳಿಗೆಯಿದೆ. ಕೆಲವು ವರ್ಷಗಳ ಹಿಂದೆ ಅಂಥದೊಂದು ಕಟ್ಟಡದಲ್ಲಿ ಸೀರೆ ಕೊಳ್ಳಲು ಹೋಗಿ, ಪಾರ್ಕಿಂಗ್ ಎಲ್ಲಿ ಎಂದು ಕಾವಲುಗಾರರನ್ನು ಕೇಳಿದ್ದೆ. ಆತ ಕೈ ತೋರಿಸಿದ್ದು ಎದುರಿನ ರಸ್ತೆಯತ್ತ. ನಮ್ಮ ಕಾಲಡಿ, ನಕ್ಷೆಯ ಪ್ರಕಾರ ಕಾರು ನಿಲ್ಲಬೇಕಾಗಿದ್ದ ಕಡೆ, ಬಟ್ಟೆಯ ಮೂಟೆಗಳಿದ್ದವು. ಇವನ್ನು ತೆರವುಗೊಳಿಸಲು ಪಾಲಿಕೆಗೆ ಹೊಸ ಕಾಯ್ದೆ ಬೇಕಿಲ್ಲ, ಹೊಸ ಅನುದಾನವೂ ಬೇಕಿಲ್ಲ. ಕೋಟಿಗಟ್ಟಲೆ ಸುರಿದು ಹೊಸ ಅಂತಸ್ತು ಅಗೆಯುವುದಕ್ಕಿಂತ ಇದು ಅಗ್ಗ. ನೋಟಿಸು ಕೊಡುವ ಕೈಗೆ ಮಾತ್ರ ದುಬಾರಿ.

ಅಧಿಕಾರ ಹಂಚಿಹೋಗಿರುವುದೂ ಒಂದು ಕಾರಣ. ಜಾಗ ಪಾಲಿಕೆಯದು. ಮಹಾಯೋಜನೆ ಮತ್ತು ಭೂಬಳಕೆ ಬದಲಾವಣೆ, ಹಿಂದೆ ಮುಡಾ ಎಂದು ಕರೆಸಿಕೊಳ್ಳುತ್ತಿದ್ದು ಈಗ ಮೈಸೂರು ಅಭಿವೃದ್ಧಿ ಪ್ರಾಧಿಕಾರವಾಗಿರುವ ಸಂಸ್ಥೆಯದು. ರಸ್ತೆಯಲ್ಲಿ ಎಲ್ಲಿ ನಿಲ್ಲಿಸಬಹುದು, ಎಲ್ಲಿ ಕೂಡದು ಎಂದು ಗೊತ್ತುಪಡಿಸುವ ಅಧಿಕಾರವನ್ನು 1988ರ ಮೋಟಾರು ವಾಹನ ಕಾಯ್ದೆಯ 117ನೇ ಕಲಂ ಕೊಡುವುದು ರಾಜ್ಯ ಸರ್ಕಾರಕ್ಕೆ ಅಥವಾ ಅದು ನೇಮಿಸಿದ ಪ್ರಾಧಿಕಾರಕ್ಕೆ, ಸ್ಥಳೀಯ ಸಂಸ್ಥೆಯೊಡನೆ ಸಮಾಲೋಚಿಸಿ ಎಂಬ ಮಾತಿನೊಡನೆ. ದಂಡ ಹಾಕುವವರು ಸಂಚಾರ ಪೊಲೀಸರು. ಪಾಲಿಕೆ ಕಟ್ಟಡ ಮುಗಿಸಿದ ದಿನವೇ ಪೊಲೀಸರು ಸುತ್ತಲಿನ ಬೀದಿಗಳಲ್ಲಿ ನಿಲುಗಡೆ ನಿಲ್ಲಿಸಿದರೆ ಮಾತ್ರ ಕಟ್ಟಡ ತುಂಬುತ್ತದೆ. ಈ ಎರಡು ಆದೇಶಗಳು ಒಂದೇ ಕಡತದಲ್ಲಿ ಇರುವಂತೆ ನೋಡಿಕೊಳ್ಳುವವರು ಯಾರೂ ಇಲ್ಲ. 1903ರಲ್ಲಿ, ದೇಶದ ಮೊದಲ ಕೆಲವು ನಗರ ಸುಧಾರಣಾ ಮಂಡಳಿಗಳಲ್ಲಿ ಒಂದನ್ನು ಕಂಡ ಊರು ಇದು. ಪ್ಲೇಗಿನ ಹೊಡೆತದ ನಂತರ ಗಾಳಿ ಬೆಳಕಿಗೆಂದು ಅಗಲ ಬೀದಿಗಳನ್ನು ಹಾಕಿದ ಆ ಕಾಲದವರ ಕಣ್ಣಮುಂದೆ ಇದ್ದದ್ದು ಟಾಂಗಾ ಮತ್ತು ಸಾರೋಟು. ಅವರು ಬಿಟ್ಟುಹೋದ ಅಗಲವನ್ನೇ ನಾವು ಇಂದು ಪುಕ್ಕಟೆ ಪಾರ್ಕಿಂಗ್ ಆಗಿ ಬಳಸುತ್ತಿದ್ದೇವೆ.

ಪೇಟೆಗೆ ಬರುವವರೆಲ್ಲ ವಾಹನದಲ್ಲಿ ಬರುವವರು ಎಂಬ ಊಹೆಯೂ ಈ ಚರ್ಚೆಯ ತಳದಲ್ಲಿ ಕೂತಿದೆ. ನಗರ ಬಸ್ ನಿಲ್ದಾಣ ಇರುವುದು ಕೆ.ಆರ್. ವೃತ್ತದ ಮಗ್ಗುಲಲ್ಲೇ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹಳ್ಳಿಗಳಿಂದಲೂ ಬಡಾವಣೆಗಳಿಂದಲೂ ಹೆಂಗಸರು ಬಸ್ಸಿನಲ್ಲಿ ಬಂದು, ಸಂತೆ ಮುಗಿಸಿ, ಚೀಲ ಹೊತ್ತು ಅದೇ ಫುಟ್‌ಪಾತ್‌ನಲ್ಲಿ ಮರಳುತ್ತಾರೆ. ಅವರು ಪಾರ್ಕಿಂಗ್ ಕೇಳುವುದಿಲ್ಲವಾದ್ದರಿಂದ ಲೆಕ್ಕಕ್ಕೂ ಸಿಗುವುದಿಲ್ಲ. ಫುಟ್‌ಪಾತ್ ಮೇಲೇರಿ ನಿಂತ ಸ್ಕೂಟರ್‌ಗಳನ್ನು ಬಳಸಿಕೊಂಡು ರಸ್ತೆಗಿಳಿದು ನಡೆಯುವವರು ಅವರೇ. ಬೀದಿಬದಿ ವ್ಯಾಪಾರಿಗಳ ಮಾತೂ ಹೀಗೆಯೇ ಬಿಟ್ಟುಹೋಗುತ್ತದೆ. 2014ರ ಕಾಯ್ದೆಯ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳ ಪ್ರತಿನಿಧಿಗಳೇ ಇರಬೇಕು; ನಿಲುಗಡೆಗಾಗಿ ಬೀದಿಯ ಅಂಚನ್ನು ಹಂಚುವಾಗ ಆ ಸಮಿತಿಯನ್ನು ಕೇಳದೆ ಮುಂದುವರಿಯುವುದು ನ್ಯಾಯವೂ ಅಲ್ಲ, ಕಾನೂನಿನ ಕಣ್ಣಿನಲ್ಲಿ ಸುರಕ್ಷಿತವೂ ಅಲ್ಲ. ದಸರೆಯ ದೀಪಾಲಂಕಾರದ ರಾತ್ರಿಗಳಲ್ಲಿ ಅರಮನೆಯ ಸುತ್ತ ಸಂಚಾರ ನಿರ್ಬಂಧವಿದ್ದಾಗ ಜನ ಎಲ್ಲೋ ದೂರದಲ್ಲಿ ವಾಹನ ಬಿಟ್ಟು ಗಂಟೆಗಟ್ಟಲೆ ನಡೆಯುತ್ತಾರೆ, ಕೊಳ್ಳುತ್ತಾರೆ, ತಿನ್ನುತ್ತಾರೆ. ಹಬ್ಬದ ಹತ್ತು ದಿನದ ಉತ್ಸಾಹವನ್ನು ವರ್ಷವಿಡೀ ನಿರೀಕ್ಷಿಸಲಾಗದು, ಒಪ್ಪಿದೆ. ಆದರೆ ವಾಹನ ಅಂಗಡಿಯ ಬಾಗಿಲಿಗೇ ಬರದಿದ್ದರೆ ವ್ಯಾಪಾರ ಸಾಯುತ್ತದೆ ಎಂಬ ಮಾತಿಗೆ ಪ್ರತಿವರ್ಷವೂ ನಮ್ಮೂರೇ ಉತ್ತರ ಕೊಡುತ್ತಿದೆ.

ಮುಂದಿನ ಪರೀಕ್ಷೆ ದೂರವಿಲ್ಲ. 2012ರ ಆಗಸ್ಟ್‌ನಲ್ಲಿ ಇದೇ ಪೇಟೆಯ ಹಳೆಯ ಅಂಗಡಿ ಸಾಲಾದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಉತ್ತರದ ಭಾಗ ಬಿದ್ದಿತು. ದುರಸ್ತಿಯೋ, ಕೆಡವಿ ಕಟ್ಟುವುದೋ ಎಂಬ ವಾದ ತಜ್ಞರ ಸಮಿತಿಗಳನ್ನೂ ಹೈಕೋರ್ಟನ್ನೂ ಹಾದು ಬಂದಿದೆ. ಆ ನಿವೇಶನಗಳಲ್ಲಿ ಏನೇ ಎದ್ದರೂ, ಕೆಳಗೆ ಎರಡು ಅಂತಸ್ತು ಪಾರ್ಕಿಂಗ್ ಅಗೆದುಬಿಡೋಣ ಎಂಬ ಆಸೆ ಯಾವುದಾದರೂ ಸಭೆಯಲ್ಲಿ ತಲೆ ಎತ್ತದೆ ಇರುವುದಿಲ್ಲ. ಹಳೆಯ ಗಾರೆ ಗೋಡೆಗಳ ಪಕ್ಕದಲ್ಲಿ, ಒಂದು ಕಾಲಕ್ಕೆ ಪೂರ್ಣಯ್ಯ ನಾಲೆ ಹಾದುಹೋಗಿದ್ದ ಆಸುಪಾಸಿನಲ್ಲಿ ಅಗೆತದ ಆಳ ಎಷ್ಟಿರಬೇಕು ಎಂಬುದನ್ನು ಮಣ್ಣಿನ ಪರೀಕ್ಷೆ ಹೇಳಬೇಕು. ಅದಾದ ಮೇಲೆ ಆ ಪ್ರಸ್ತಾವದ ಕಡತದಲ್ಲಿ ಇರಬೇಕಾದ ಹಾಳೆಗಳನ್ನು ಪುರಭವನದ ಅನುಭವವೇ ಸೂಚಿಸುತ್ತದೆ: ಸುತ್ತಲಿನ ಯಾವ ಯಾವ ಬೀದಿಗಳಲ್ಲಿ ಯಾವ ದಿನದಿಂದ ನಿಲುಗಡೆ ನಿಲ್ಲುತ್ತದೆ ಎಂಬ ಪೊಲೀಸ್ ಅಧಿಸೂಚನೆಯ ಕರಡು, ಖಾಸಗಿ ನೆಲಮಾಳಿಗೆಗಳ ಗಣತಿ, ಸ್ಕೂಟರ್‌ಗಳಿಗೆ ನೆಲಮಟ್ಟದಲ್ಲೇ ಮೀಸಲಿಟ್ಟ ಜಾಗದ ನಕ್ಷೆ, ಪಂಪು ದೀಪಗಳ ವಾರ್ಷಿಕ ಖರ್ಚನ್ನು ಯಾವ ಲೆಕ್ಕಶೀರ್ಷಿಕೆಯಿಂದ ಭರಿಸಲಾಗುವುದು ಎಂಬ ಟಿಪ್ಪಣಿ. ಈ ನಾಲ್ಕೂ ಇಲ್ಲದ ಕಡತಕ್ಕೆ ಸಹಿ ಬಿದ್ದರೆ, ಗುದ್ದಲಿಪೂಜೆಯ ದಿನ ಅತಿಥಿಗಳ ಕಾರುಗಳು ಎಲ್ಲಿ ನಿಂತಿದ್ದವೋ, ಕಟ್ಟಡ ಉದ್ಘಾಟನೆಯಾದ ದಿನವೂ ಅವು ಅಲ್ಲೇ, ಫುಟ್‌ಪಾತಿನ ಅಂಚಿನಲ್ಲೇ ನಿಂತಿರುತ್ತವೆ.